ಹದಿನೈದನೇ ರೀಲು

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆಯಿದೆ. ದರ್ಜಿಗಳ ಮೇಲೆ ಅಂಥದ್ದೊಂದು ಗಾದೆ ಕಟ್ಟುವುದನ್ನು ಹಿರಿಯರು ಯಾಕೋ ಮರೆತುಬಿಟ್ಟಿದ್ದರು. ಆ ಕೊರತೆಯನ್ನು ಎರಡು ಸಾವಿರದ ಎರಡನೇ ಇಸವಿಯ ಒಂದು ಸಿನಿಮಾ ತುಂಬಿಕೊಟ್ಟಿತು, ಕಡೇಪಕ್ಷ ಈ ಒಂದು ಬೀದಿಯ ಮಟ್ಟಿಗೆ.

ಆ ಸಿನಿಮಾದಲ್ಲಿ ನಾಯಕಿಗೆ ಒಬ್ಬ ಸೋದರಮಾವ. ಮದುವೆಗೆ ಇನ್ನೊಂದು ವಾರ ಇರುವಾಗ ಅವಳ ಒಡವೆಪೆಟ್ಟಿಗೆ ಕಾಣೆಯಾಗುತ್ತದೆ. ಮಾವ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುವುದನ್ನು ಇಡೀ ಥಿಯೇಟರು ಕಣ್ಣಾರೆ ನೋಡುತ್ತದೆ. ಕೊನೆಗೆ ನೋಡಿದರೆ ಅದೇ ಮಾವ ಮದುವೆಮನೆಯಲ್ಲಿ ನಗುನಗುತ್ತಾ ನಿಂತಿದ್ದಾನೆ, ನಾಯಕಿ ಅವನನ್ನೇ ತಬ್ಬಿಕೊಂಡು ಅಳುತ್ತಿದ್ದಾಳೆ! 'ಕದ್ದವನಿಗೇ ಮರ್ಯಾದೆ!' ಎಂದು ಜನ ಬಾಯಿಗೆ ಬಂದಂತೆ ಬೈದರು. ಬೈಯುವುದಕ್ಕೆಂದೇ ಎರಡೆರಡು ಸಲ ಹೋದರು. ಸಿನಿಮಾ ನೂರು ದಿನ ಓಡಿತು.

ಮಾವನ ಪಾತ್ರ ಮಾಡಿದ ನಟನಿಗೂ ಥಿಯೇಟರಿನ ಎದುರು ಅಂಗಡಿಯ ಟೈಲರಿಗೂ ಅದೇ ಬೋಳು ಹಣೆ, ಅದೇ ದಪ್ಪ ಮೀಸೆ, ಎಡಗಣ್ಣಿನ ಕೆಳಗೆ ಅದೇ ಮಚ್ಚೆ. ಮೊದಲ ವಾರದಲ್ಲೇ ಟೈಲರ್ 'ಕಳ್ಳಮಾವ' ಆಗಿಹೋದ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಬಟ್ಟೆ ಕೊಡಲು ಬಂದವರು, 'ಕಳ್ಳಮಾವ, ಎರಡೂಕಾಲು ಮೀಟರ್ ಇದೆ, ಲೆಕ್ಕ ಇಟ್ಕೊಂಡಿದ್ದೀನಿ' ಎಂದು ನಗುತ್ತಿದ್ದರು. ಟೈಲರೂ ನಗುತ್ತಿದ್ದ. ಆದರೆ ಅವತ್ತಿನಿಂದ ಅವನು ಒಂದು ಪದ್ಧತಿ ಹಿಡಿದ. ಹೊಲಿದು ಉಳಿದ ಚೂರುಪಾರೆಲ್ಲ, ಹೆಬ್ಬೆರಳಗಲದ ತುಂಡೂ ಬಿಡದೆ, ಪುಟ್ಟ ಗಂಟು ಕಟ್ಟಿ ಬಟ್ಟೆಯ ಜೊತೆಗೇ ವಾಪಸು ಕೊಡುತ್ತಿದ್ದ. ಬೇಡವೆಂದರೂ ಕೇಳುತ್ತಿರಲಿಲ್ಲ. ಬೀದಿಯ ಅರ್ಧ ದಿಂಬುಗಳೊಳಗೆ ಇರುವುದು ಆ ಚೂರುಗಳೇ.

ಇಪ್ಪತ್ತೆರಡು ವರ್ಷ ಟೈಲರ್ ಹೀಗೆ ಗಂಟು ಕಟ್ಟಿದ. ಇಪ್ಪತ್ತೆರಡು ವರ್ಷವೂ ಆ ಗಂಟು ಕೈಗೆ ಬಂದಾಗಲೆಲ್ಲ ಒಳಗೊಳಗೇ ಹಿಂಡಿಹೋದವನು ಒಬ್ಬನೇ, ಥಿಯೇಟರಿನ ಆಪರೇಟರ್. ಟೈಲರನ ಜೀವದ ಗೆಳೆಯ.

ಯಾಕೆಂದರೆ ಆ ಸಿನಿಮಾಕ್ಕೆ ಹದಿನೇಳು ರೀಲು. ಊರು ನೋಡಿದ್ದು ಹದಿನಾರು.

ಆಗ ಆಪರೇಟರಿಗೆ ಹೊಸದಾಗಿ ಮದುವೆಯಾಗಿತ್ತು. ಮನೆ ಆರು ಕಿಲೋಮೀಟರ್ ಆಚೆ. ಸೆಕೆಂಡ್ ಶೋ ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ಕೊನೆಯ ಬಸ್ಸು ಹೊರಟುಬಿಡುತ್ತಿತ್ತು. ಸಿನಿಮಾ ಬಿಡುಗಡೆಯ ಹಿಂದಿನ ದಿನ ರೀಲುಗಳನ್ನೆಲ್ಲ ಓಡಿಸಿ ನೋಡಿದ. ಹದಿನೈದನೆಯದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಮಾವ ಕುಳಿತು ಮಾತಾಡುತ್ತಾನೆ ಅಷ್ಟೇ. ಹನ್ನೊಂದು ನಿಮಿಷ. ಹೊಸ ಹೆಂಡತಿಯ ಮುಂದೆ ಯಾರದೋ ಮಾವ ಯಾವ ಲೆಕ್ಕ? ರೀಲನ್ನು ಡಬ್ಬಿಯಲ್ಲೇ ಬಿಟ್ಟ. ಒಂದು ಶೋನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಗುಟ್ಟು ರಟ್ಟಾದೀತೆಂದು ಎಲ್ಲ ಶೋಗೂ ಬಿಟ್ಟ. ನೂರು ದಿನವೂ ಬಸ್ಸು ಹಿಡಿದ. ಆ ಹನ್ನೊಂದು ನಿಮಿಷದಲ್ಲಿ ಮಾವ ಹೇಳುವುದು ಏನೆಂದು ಅವನಿಗೆ ಗೊತ್ತಿತ್ತು. ಎದುರು ಅಂಗಡಿಯವನ ಹಣೆಗೆ ಕಳ್ಳನ ಹೆಸರು ಅಂಟಿಕೊಳ್ಳುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಹೇಳುವ ಧೈರ್ಯ ಉಳಿದಿರಲಿಲ್ಲ. ಅದರ ಮೇಲೆ, 'ಈ ಕೈ ಒಂದೇ ಒಂದು ಫ್ರೇಮಿಗೂ ಕತ್ತರಿ ಹಾಕಿಲ್ಲ' ಎಂದು ಬೀದಿಯಲ್ಲಿ ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದ. ಹಾಕಿರಲಿಲ್ಲ ನಿಜ, ಇಡೀ ರೀಲನ್ನೇ ನುಂಗಿದ್ದ!

ನಿರ್ಮಾಪಕರ ಮಕ್ಕಳು ಕೋರ್ಟಿನಲ್ಲಿ ಕಿತ್ತಾಡುತ್ತಿದ್ದುದರಿಂದ ಆ ಸಿನಿಮಾ ಟಿವಿಗೂ ಬರಲಿಲ್ಲ, ಸಿಡಿಯಾಗಿಯೂ ಬರಲಿಲ್ಲ. ಕಳ್ಳಮಾವ ಎಂಬ ಹೆಸರೂ ಸವೆಯುತ್ತಾ ಬಂದಿತ್ತು. ಹೊಸ ತಲೆಮಾರಿನವರು ಬರೀ 'ಟೈಲರ್ ಅಂಕಲ್' ಎನ್ನುತ್ತಿದ್ದರು. ಅಷ್ಟರಲ್ಲಿ ನಿರ್ಮಾಪಕರ ಮಕ್ಕಳು ರಾಜಿಯಾದರು.

ಥಿಯೇಟರನ್ನು ಈಗ ನೋಡಿಕೊಳ್ಳುವವಳು ಹಳೇ ಯಜಮಾನರ ಮಗಳು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇಪ್ಪತ್ತು ವರ್ಷ ಹಿಂದಿನ ಸಿನಿಮಾಗಳನ್ನು ಹಾಕತೊಡಗಿದ್ದಳು. ಆಗ ಕಾಲೇಜಿಗೆ ಚಕ್ಕರ್ ಹೊಡೆದು ಬಂದವರು ಈಗ ಮಂಡಿನೋವಿನ ಬೆಲ್ಟು ಕಟ್ಟಿಕೊಂಡು ಬಂದು ಸಿಳ್ಳೆ ಹಾಕುತ್ತಿದ್ದರು. ಒಂದು ಸೋಮವಾರ ಅವಳು ಆಪರೇಟರನ್ನು ಕರೆದು, "ಈ ಭಾನುವಾರಕ್ಕೆ ಎರಡು ಇವೆ ಅಣ್ಣ. ಒಂದು ಕಾಲೇಜಿನ ಲವ್ ಸ್ಟೋರಿ, ಇನ್ನೊಂದು ಆ ಒಡವೆಪೆಟ್ಟಿಗೆದು. ಟ್ರಯಲ್‌ಗೆ ಎರಡರ ಪೋಸ್ಟರೂ ಅಂಟಿಸಿದ್ದೀನಿ. ಶನಿವಾರ ನೀವೇ ಹೇಳಿ, ಯಾವುದು ಹಾಕೋಣ?" ಎಂದಳು.

ಅಂದು ಸಂಜೆ ಟೈಲರ್ ಅವನನ್ನು ಅಂಗಡಿಗೆ ಕರೆದು ಸ್ಟೂಲ್ ಎಳೆದುಕೊಟ್ಟ. ಮಿಷನ್ ನಿಲ್ಲಿಸಿದ. ಮಿಷನ್ ನಿಲ್ಲಿಸಿ ಅವನು ಮಾತಾಡುವುದು ಅಪರೂಪ.

"ಮೊಮ್ಮಗಳು ಪೋಸ್ಟರ್ ನೋಡಿದ್ಳು ಕಣಯ್ಯ. ನಮ್ಮಜ್ಜ ಸಿನಿಮಾದಲ್ಲಿದ್ದಾನೆ ಅಂತ ಇಡೀ ಕ್ಲಾಸಿಗೆ ಹೇಳ್ಕೊಂಡು ಬಂದಿದ್ದಾಳೆ. ನಾನಲ್ಲ ಅಂದ್ರೆ ನಂಬ್ತಾನೇ ಇಲ್ಲ. ಭಾನುವಾರ ಕರ್ಕೊಂಡು ಹೋಗು ಅಂತ ಹಟ."

"ಕರ್ಕೊಂಡು ಬಾ."

"ಕರ್ಕೊಂಡು ಬಂದು ಏನು ತೋರಿಸ್ಲಿ? ಅಜ್ಜ ಪೆಟ್ಟಿಗೆ ಕದಿಯೋದನ್ನ?" ಟೈಲರ್ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. "ನನಗೇನೋ ಅಭ್ಯಾಸ ಆಗ್ಹೋಯ್ತು. ಅವಳಿಗಿನ್ನೂ ಎಂಟು ವರ್ಷ. ಸ್ಕೂಲಲ್ಲಿ ಕಳ್ಳನ ಮೊಮ್ಮಗಳು ಅಂದ್ರೆ? ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದ್ದೀನಾ? ಆ ಲವ್ ಸ್ಟೋರಿನೇ ಹಾಕ್ಸು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಪರೇಟರನ ಕೈ ನಿಜಕ್ಕೂ ಹೆಗಲಿಗೆ ಹೋಯಿತು. ಎಷ್ಟು ಸುಲಭ! ಒಂದು ಮಾತು ಅಂದರೆ ಸಾಕು, ಗೆಳೆಯನಿಗೂ ನೆಮ್ಮದಿ, ತನ್ನ ಗುಟ್ಟೂ ಭದ್ರ. ಟೈಲರ್ ಮೇಲಿಂದ ಕೈಮುಗಿದು ಥ್ಯಾಂಕ್ಸ್ ಬೇರೆ ಹೇಳುತ್ತಾನೆ. ಆ ಥ್ಯಾಂಕ್ಸ್ ನೆನೆದೇ ಅವನಿಗೆ ಮೈ ಉರಿಯಿತು. "ನೋಡೋಣ" ಎಂದು ಎದ್ದ. ಪ್ಯಾಂಟಿಗೆಂದು ತಂದಿದ್ದ ಬೂದು ಬಣ್ಣದ ಬಟ್ಟೆಯನ್ನು ಅಲ್ಲೇ ಕೊಟ್ಟು ಬಂದ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ಸೊಂಟಕ್ಕೆ ಕೈ ಕೊಟ್ಟಳು.

"ನನಗೋಸ್ಕರ ಮಾಡಿದ್ರಾ?"

"ಮತ್ತಿನ್ಯಾರಿಗೆ?"

"ಸಂತೋಷ ಆಗ್ತಿದೆ. ಆದ್ರೂ ಮೊದ್ಲು ಬೈತೀನಿ, ಸಂತೋಷ ಆಮೇಲೆ ನೋಡ್ಕೊಳ್ಳೋಣ." ಹೇಳಿದಂತೆಯೇ ಚೆನ್ನಾಗಿ ಬೈದಳು. ಕೊನೆಗೆ, "ಆ ಮನುಷ್ಯ ಕೊಟ್ಟ ಚೂರುಗಳ ದಿಂಬಿನ ಮೇಲೆ ಹೇಗ್ರೀ ನಿದ್ದೆ ಬಂತು ನಿಮಗೆ?" ಎಂದಳು. ಬೈಗುಳಕ್ಕಿಂತ ಅದೇ ಹೆಚ್ಚು ತಾಗಿತು.

ಶನಿವಾರ ಆಪರೇಟರ್ ಯಜಮಾನಿಗೆ, "ಒಡವೆಪೆಟ್ಟಿಗೆದು ಹಾಕಿ" ಎಂದ. ಸುದ್ದಿ ತಿಳಿದ ಟೈಲರ್ ಅಂಗಡಿಯ ಬಾಗಿಲಲ್ಲೇ ನಿಂತು, "ನೀನೂ ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ" ಎಂದ.

"ನಾಳೆ ಮೊಮ್ಮಗಳನ್ನ ಕರ್ಕೊಂಡು ಬಾ. ನೋಡಿದ್ಮೇಲೂ ಇದೇ ಮಾತು ಅನ್ನೋ ಹಾಗಾದ್ರೆ, ನಿನ್ನ ಅಂಗಡಿ ಮೆಟ್ಲು ಹತ್ತಲ್ಲ."

ಭಾನುವಾರ ಹೌಸ್‌ಫುಲ್. ಹುಡುಗಿಯ ಹಟಕ್ಕೆ ಸೋತ ಟೈಲರ್ ದೀಪ ಆರಿದ ಮೇಲೆ ಅವಳ ಕೈಹಿಡಿದು ಬಂದು ಮೂಲೆಯ ಸೀಟಿನಲ್ಲಿ ಮುದುಡಿ ಕುಳಿತ. ಆಪರೇಟರಿಗೆ ಈಗ ರೀಲಿಲ್ಲ, ಡಬ್ಬಿಯಿಲ್ಲ. ಒಂದು ಬಟನ್ ಒತ್ತಿದರೆ ಸಿನಿಮಾ ತಾನಾಗಿ ಓಡುತ್ತದೆ. ಇನ್ನೊಂದು ಒತ್ತಿದರೆ ಹನ್ನೊಂದು ನಿಮಿಷ ಹಾರಿಹೋಗುತ್ತದೆ, ಅದೂ ಅವನಿಗೆ ಗೊತ್ತಿತ್ತು. ತನ್ನ ಬೆರಳಿನ ಮೇಲೆ ತನಗೇ ನಂಬಿಕೆ ಸಾಲದೆ ಕ್ಯಾಬಿನ್ನಿಗೆ ಬೀಗ ಹಾಕಿ ಕೆಳಗಿಳಿದು ಬಂದು ಟೈಲರನ ಹಿಂದಿನ ಸೀಟಿನಲ್ಲಿ ಕುಳಿತ.

ಮಾವ ತೆರೆಯ ಮೇಲೆ ಬಂದ ಕೂಡಲೇ, "ಕಳ್ಳಮಾವಾ!" ಎಂದು ನಾಲ್ಕು ಕಡೆಯಿಂದ ಕೂಗಿದರು. ಹಳಬರಿಗೆ ಎಲ್ಲವೂ ನೆನಪಿತ್ತು. ಹುಡುಗಿ ಅಜ್ಜನ ಮುಖ ನೋಡಿದಳು. ಅಜ್ಜ ನೆಲ ನೋಡಿದ. ಪೆಟ್ಟಿಗೆ ಹೋಯಿತು, ಹಾಡಾಯಿತು, ಇಂಟರ್ವಲ್ಲಾಯಿತು. ಹದಿನಾಲ್ಕನೇ ರೀಲು ಮುಗಿಯುವ ಜಾಗ ಆಪರೇಟರಿಗೆ ಇಂದಿಗೂ ಬಾಯಿಪಾಠ: ಮಳೆ, ಮುಚ್ಚುವ ಗೇಟು. ಗೇಟು ಮುಚ್ಚಿತು.

ಊರು ಎಂದೂ ನೋಡದ ಒಂದು ಕೋಣೆ ತೆರೆಯ ಮೇಲೆ ಮೂಡಿತು. ಮಾವ ಒಡವೆಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ನಿಜವಾದ ಒಡವೆಗಳನ್ನು ಜೂಜಿಗೆ ಕಳೆದವನು ನಾಯಕಿಯ ಸ್ವಂತ ಅಣ್ಣ. ಮಾವ ಎತ್ತಿಕೊಂಡು ಹೋದದ್ದು ಬರೀ ಖಾಲಿ ಪೆಟ್ಟಿಗೆಯನ್ನು. ಮದುವೆ ಮುರಿಯಬಾರದೆಂದು ಕಳ್ಳನ ಹೆಸರು ತಾನು ಹೊತ್ತು, ತನ್ನ ಅಂಗಡಿ ಮಾರಿ ಒಡವೆ ಮಾಡಿಸಿ ತಂದಿದ್ದ. 'ನನ್ನ ಹೆಸರು ಕೆಟ್ಟರೆ ಕೆಡಲಿ, ಮಗುವಿನ ಮುಖ ಬಾಡಬಾರದು' ಎಂದ.

ಮೊದಲು ಎದ್ದವನು ಔಷಧಿ ಅಂಗಡಿಯವನು.

"ಏಯ್, ಇದು ಆವಾಗ ಇರ್ಲೇ ಇಲ್ಲ! ಆರು ಸಲ ನೋಡಿದ್ದೀನಿ ನಾನು!"

"ಹೌದು, ಇರ್ಲಿಲ್ಲ!" ಎಂದು ಹತ್ತು ದನಿಗಳೆದ್ದವು. ಆಪರೇಟರ್ ನಿಂತುಕೊಂಡ.

"ಇತ್ತು. ಡಬ್ಬೀಲಿತ್ತು. ಕೊನೆ ಬಸ್ ತಪ್ಪುತ್ತೆ ಅಂತ ನಾನೇ ಬಿಟ್ಟಿದ್ದೆ. ಹನ್ನೊಂದು ನಿಮಿಷ. ಈ ಪುಣ್ಯಾತ್ಮನ್ನ ಕಳ್ಳ ಮಾಡಿದ್ದು ನೀವಲ್ಲ, ನಾನು."

ಯಾರೋ "ಥೂ!" ಎಂದರು, ಯಾರೋ ಪಕ್ಕನೆ ನಕ್ಕರು, ಅದು ಇಡೀ ಹಾಲಿಗೆ ಹಬ್ಬಿತು. ಇಪ್ಪತ್ತೆರಡು ವರ್ಷ ಒಬ್ಬನ ಕೊನೆ ಬಸ್ಸಿಗಾಗಿ ಊರೆಲ್ಲ ಮಂಗವಾಗಿದ್ದಕ್ಕೆ ನಗದೆ ಇನ್ನೇನು ಮಾಡಬೇಕು? ಹುಡುಗಿ ಮಾತ್ರ ಸೀಟಿನ ಮೇಲೆ ಹತ್ತಿ ನಿಂತು, "ನಮ್ಮಜ್ಜ ಒಳ್ಳೆಯವನು! ನಾನು ಹೇಳಿರ್ಲಿಲ್ವಾ?" ಎಂದು ಎಲ್ಲರಿಗೂ ಸಾರಿದಳು. ಟೈಲರ್ ಹಿಂದಕ್ಕೆ ತಿರುಗಲಿಲ್ಲ. ಸಿನಿಮಾ ಮುಗಿದ ಮೇಲೆ ಜನ ಅವನ ಕೈಕುಲುಕಲು ಮುತ್ತಿಕೊಂಡರು. ಅವನು ಕಣ್ಣೊರೆಸಿಕೊಳ್ಳುತ್ತಾ, ಗೆಳೆಯನ ಕಡೆ ನೋಡದೆ ಹೊರಟುಹೋದ.

ಎಂಟು ದಿನ ಮಾತಿಲ್ಲ. ಬೀದಿ ಆಪರೇಟರಿಗೆ 'ಹನ್ನೊಂದ್ನಿಮಿಷ' ಎಂದು ಹೆಸರಿಟ್ಟಿತು. ತರಕಾರಿಯವಳೂ ಹಾಗೇ ಕರೆದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಅವನು ಕರೆದವರಿಗೆಲ್ಲ ಓಗೊಟ್ಟ. ಒಂಬತ್ತನೇ ದಿನ ಹುಡುಗಿ ಬಂದು, "ಹನ್ನೊಂದ್ನಿಮಿಷ ಅಜ್ಜ, ಪ್ಯಾಂಟ್ ಆಗಿದೆಯಂತೆ" ಎಂದಳು.

ಟೈಲರ್ ಪೊಟ್ಟಣ ಚಾಚಿದ. ಮುಖ ಮಿಷನ್ನಿನ ಕಡೆಗೇ ಇತ್ತು. ಆಪರೇಟರ್ ತೆಗೆದುಕೊಂಡು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದನಿ ಬಂತು.

"ಬಸ್ ಸಿಕ್ತಿತ್ತಾ?"

"ಯಾವ ಬಸ್?"

"ಆವಾಗಿಂದು."

"ಸಿಕ್ತಿತ್ತು. ನೂರು ದಿನದಲ್ಲಿ ಒಂದಿನಾನೂ ತಪ್ಪಲಿಲ್ಲ."

"ಸದ್ಯ," ಎಂದ ಟೈಲರ್. "ಒಬ್ಬರಿಗಾದ್ರೂ ಉಪಯೋಗ ಆಯ್ತಲ್ಲ." ಮೀಸೆಯ ತುದಿ ಸ್ವಲ್ಪ ಅಲುಗಿತು. ಕಾಲಿನಿಂದ ಏನನ್ನೋ ಮಿಷನ್ನಿನ ಅಡಿಗೆ ತಳ್ಳಿದ.

ಮನೆಯಲ್ಲಿ ಹೆಂಡತಿ ಪೊಟ್ಟಣ ಬಿಚ್ಚಿ ಪ್ಯಾಂಟು ಕೊಡವಿದಳು. ಕಾಗದವನ್ನೂ ಕೊಡವಿದಳು. ಜೇಬುಗಳನ್ನು ಹೊರಗೆಳೆದು ನೋಡಿದಳು.

"ಇದೇನ್ರೀ, ಚೂರಿನ ಗಂಟೇ ಇಲ್ಲ?"

ಆಪರೇಟರ್ ತಾನೂ ಹುಡುಕಿದ. ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲ ಸಲ.

"ಕದ್ದುಬಿಟ್ಟಿದ್ದಾನೆ ಕಣೇ," ಎಂದ. ಅಷ್ಟು ಹೇಳುವುದರೊಳಗೆ ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.