ಪಗಾರದಲ್ಲಿ ಮುರಿದ ಹಣ

ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ರಾಯಚೂರಿನ ಸಣ್ಣ ಅಕ್ಕಿ ಗಿರಣಿಯನ್ನು ಶೈಲಶ್ರೀಯೇ ನಡೆಸುತ್ತಿದ್ದಳು. ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ದೇವದುರ್ಗದ ತಿರುಪತಿ. ಅವನ ಕುಡಿತಕ್ಕೆ ಬೇಸತ್ತ ಹೆಂಡತಿ ಅನ್ನಪೂರ್ಣ ಮಗಳನ್ನು ಕರೆದುಕೊಂಡು ಮಾನ್ವಿಯ ತವರು ಸೇರಿ, ಜೀವನಾಂಶಕ್ಕೆ ಅಲ್ಲಿನ ಕೋರ್ಟಿಗೆ ಹೋಗಿದ್ದಳು. ತಿಂಗಳು ತಿಂಗಳು ಅವನ ಪಗಾರದಲ್ಲಿ ಒಂದು ಪಾಲು ಮುರಿದು ಕೋರ್ಟಿಗೆ ಕಟ್ಟಬೇಕೆಂದು ಗಿರಣಿಗೆ ಆದೇಶ ಬಂತು.

"ಮುರಕೊಳ್ರಿ ಅಕ್ಕಾರ," ಅಂದ ತಿರುಪತಿ. "ನನ್ನ ಕೈಗಿ ಬಂದ್ರ ಉಳಿಯಂಗಿಲ್ಲ. ಕೂಸಿಗರ ಮುಟ್ಲಿ."

ಅವತ್ತಿನಿಂದ ಅವನು ಕುಡಿತ ಬಿಟ್ಟ. ಪಗಾರದ ದಿನ "ಕಟ್ಟೀರಲ್ರೀ?" ಎಂದು ಕೇಳುವನು. ಶೈಲಶ್ರೀ ತಲೆಯಾಡಿಸುವಳು. ಮೊದಲ ತಿಂಗಳೇ ಕರೆಂಟು ಕಡಿಯಲು ಬಂದಿದ್ದರು; ಮುರಿದ ಹಣ ಬಿಲ್ಲಿಗೆ ಹೋಗಿತ್ತು. ಮುಂದಿನ ತಿಂಗಳು ಕೂಡಿಸಿ ಕಟ್ಟಿದರಾಯಿತು ಅಂದುಕೊಂಡಳು. ಆಗ ಗಂಡನ ಔಷಧಿ ಬಂತು. ಹಾಗೇ ನಡೆಯಿತು.

ಸುಗ್ಗಿಯ ಹೊತ್ತಿಗೆ ಪೊಲೀಸರು ಜೀವನಾಂಶದ ಬಾಕಿಗಾಗಿ ತಿರುಪತಿಯ ಮೇಲೆ ವಾರಂಟ್ ಹಿಡಿದು ಬಂದರು. ತಿರುಪತಿ ತೌಡಿನ ಧೂಳು ಮೆತ್ತಿದ ಮೈಯಲ್ಲೇ ಹೊರಗೆ ಬಂದ. "ಏನೋ ತಪ್ಪಾಗ್ಯಾದ್ರಿ. ನಾ ಬಿಡದಂಗ ಕಟ್ಟಾಕತ್ತೀನಿ. ಅಕ್ಕಾರ, ನೀವರ ಹೇಳ್ರಿ."

ಶೈಲಶ್ರೀ ತಲೆ ತಗ್ಗಿಸಿದಳು. ಜೀಪು ಹತ್ತುವಾಗಲೂ ಅವನು ಅವಳನ್ನೇ ನೋಡುತ್ತಿದ್ದ.

ಮರುದಿನ ಬಳೆ ಮಾರಿ ಮಾನ್ವಿಗೆ ಓಡಿದಳು. "ಅದು ನಿಮ್ಮ ರೊಕ್ಕ ಅಲ್ರೀ," ಎಂದು ಅಲ್ಲಿ ಅವಳು ಹಿಡಿದ ವಕೀಲ ಜಗದೀಶ ಗದರಿದ. "ಮುರೀದೇ ಬಿಟ್ಟಿದ್ರೂ ನೀವೇ ಕಟ್ಟಬೇಕಾಗ್ತಿತ್ತು. ನೀವು ಮುರದು ತಿಂದೀರಿ." ಅವಳು ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡು ಎಲ್ಲವನ್ನೂ ಕಟ್ಟಿದಳು. ತಿರುಪತಿಯನ್ನು ಬಿಟ್ಟರು.

ಅವನು ನೇರವಾಗಿ ಮಾವನ ಮನೆಗೆ ನಡೆದ. ಶೈಲಶ್ರೀ ಹಿಂದೆಯೇ ಹೋದಳು. ಬಾಗಿಲಿಗೆ ಬೀಗ.

"ರೊಕ್ಕದ ದಾರಿ ನೋಡಿ ನೋಡಿ ಸಾಕಾತು ಅಕಿಗಿ," ಅಂದಳು ಪಕ್ಕದ ಮನೆಯ ಜಾಹೆದಾ. "ಕೂಸಿನ ಸಾಲಿ ಬಿಡ್ಸಿ, ಎಲ್ಲಾರೂ ಹೈದ್ರಾಬಾದಿಗಿ ದುಡ್ಯಾಕ ಹೋದ್ರು. ಎಲ್ಲಿ ಅದಾರೋ, ಗೊತ್ತಿಲ್ಲ. ಫೋನೂ ಮಾರ್ಯಾಳ."

ತಿರುಪತಿ ಕಟ್ಟೆಯ ಮೇಲೆ ಕುಸಿದ. "ನಾ ಕುಡಿಯೂದು ಬಿಟ್ಟದ್ದು ಅಕಿಗಿ ಗೊತ್ತೇ ಇಲ್ಲ," ಅಂದ, ಯಾರಿಗೂ ಅಲ್ಲವೆಂಬಂತೆ.

"ಕೆಲಸಕ್ಕ ಬಾ, ತಿರುಪತಿ." ಶೈಲಶ್ರೀಗೆ ಬೇರೇನೂ ತೋಚಲಿಲ್ಲ.

ಅವನು ಅವಳ ಕಡೆ ನೋಡದೆ ಎದ್ದು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಗಿರಣಿಗೆ ಮತ್ತೆ ಬರಲಿಲ್ಲ. ಅವಳು ಕಟ್ಟಿದ ಹಣ ಇವತ್ತಿಗೂ ಕೋರ್ಟಿನಲ್ಲೇ ಇದೆ. ಕೇಳಿಕೊಂಡು ಯಾರೂ ಬಂದಿಲ್ಲ.