ಹರಕೆ ಹೊತ್ತ ಸಬ್‌ವೂಫರ್

ಆಷಾಢದ ಕೊನೆಯ ವಾರ ಆನಗೋಡಿನ ಹತ್ತಿರ ಕಾಂತರಾಜನ ಕಾರಿಗೆ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತು. ಕಾರಿನ ಹಿಂಭಾಗ ಮಡಚಿಹೋಯಿತು. ಕಾಂತರಾಜನಿಗೆ ಒಂದು ಗೀರೂ ಆಗಲಿಲ್ಲ. ಸುದ್ದಿ ಎಸ್.ಎಸ್. ಬಡಾವಣೆಯ ಮನೆಗೆ ಮುಟ್ಟಿದಾಗ ಅವನ ತಾಯಿ ಲಕ್ಷ್ಮೀದೇವಿ ಒಲೆಯ ಮೇಲಿನ ಹಾಲನ್ನೂ ಇಳಿಸದೆ ಹರಕೆ ಹೊತ್ತರು: ಮಗನನ್ನು ಉಳಿಸಿದ ಆ ಕಾರಿನಲ್ಲಿ ಬರುವ ಶ್ರಾವಣ ಮುಗಿಯುವವರೆಗೆ ಪುರಾಣವಲ್ಲದೆ ಬೇರೆ ಸದ್ದು ಏಳಬಾರದು. ಹರಕೆ ಹೊರುವಾಗ ಅವರು ಕಾರನ್ನೂ ಕೇಳಲಿಲ್ಲ, ಮಗನನ್ನೂ ಕೇಳಲಿಲ್ಲ.

ಪುರಾಣವನ್ನು ಹೊರಗೆ ಹುಡುಕಬೇಕಾಗಿರಲಿಲ್ಲ. ಕಾಂತರಾಜನ ತಂದೆ ಮಾಳಿಂಗಪ್ಪ ಮೂವತ್ತು ವರ್ಷ ನಂದಿಗುಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಈಗ ಶ್ರಾವಣದ ಸಂಜೆ ಬಡಾವಣೆಯ ಗುಡಿಯಲ್ಲಿ ಪುರಾಣ ಓದುತ್ತಾರೆ. ಪ್ರತಿ ಪದ್ಯ ಮುಗಿದ ಮೇಲೆ ತಲೆಯೆತ್ತಿ ಹಿಂದಿನ ಸಾಲಿನತ್ತ ನೋಡುವುದು ಅವರ ರೂಢಿ, ಎಲ್ಲರೂ ಹತ್ತಿದರೋ ಇಲ್ಲವೋ ಎನ್ನುವಂತೆ. ಇತ್ತೀಚೆಗೆ ಕೂರುವವರು ನಾಲ್ಕು ಜನ. ಅವರಲ್ಲೊಬ್ಬರು ಪ್ರಸಾದಕ್ಕೆ ಬರುವವರು. ಹೋದ ವರ್ಷ ಮಗಳು ರೇಖಾ ಅವರ ಓದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಪೆನ್‌ಡ್ರೈವಿಗೆ ತುಂಬಿಟ್ಟಿದ್ದಳು.

ಕಾರು ಗ್ಯಾರೇಜಿನಿಂದ ಮನೆಗೆ ಬಂದದ್ದು ಶ್ರಾವಣದ ಮೊದಲ ದಿನ. ಕಾಂತರಾಜ ಅದರ ಹೊಸ ಬಣ್ಣವನ್ನು ನೋಡಲಿಲ್ಲ. ಅವನ ಜೀವವೆಲ್ಲ ಹಿಂದೆ ಡಿಕ್ಕಿಯಲ್ಲಿದ್ದ ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರ್ ಡಬ್ಬಿಯಲ್ಲಿತ್ತು. ಈ ಸಲ ಚೌತಿಯ ಬೆಳಿಗ್ಗೆ ಗಣಪತಿಯನ್ನು ಓಣಿಗೆ ತರುವಾಗ ಅವನ ಕಾರೇ ಡಿಕ್ಕಿ ತೆರೆದುಕೊಂಡು ಹಿಂದೆ ಬರಬೇಕೆಂದು ಓಣಿಯ ಕಮಿಟಿ ಒಪ್ಪಿತ್ತು. ಮೂರು ವರ್ಷ ಕೇಳಿಕೊಂಡ ಮೇಲೆ ಸಿಕ್ಕ ಜಾಗ ಅದು. ಕಮಿಟಿಯ ಹಿರಿಯ ಅಂಜಿನಪ್ಪ ಒಂದೇ ಮಾತು ಹೇಳಿದ್ದ: "ಅಮಾಸಿ ಮರುದಿನ ಸದ್ದು ಕೇಳಿಸು. ಇಲ್ಲಾಂದ್ರೆ ನಮ್ಮ ಟ್ರ್ಯಾಕ್ಟರ್ ಐತೆ."

ಪೆನ್‌ಡ್ರೈವ್ ಸಿಕ್ಕಿಸಿದ. ಮುಂದಿನ ಬಾಗಿಲುಗಳಿಂದ ಅಪ್ಪನ ದನಿ ಬಂತು. ಹಿಂದಿನಿಂದ ಏನೂ ಬರಲಿಲ್ಲ. ಹೋಗಿ ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದ. ಎದೆಗೆ ಗುದ್ದಬೇಕಾದದ್ದು ಕಲ್ಲಿನಂತೆ ತಣ್ಣಗಿತ್ತು. ಲಾರಿ ಗುದ್ದಿದ್ದು ಎಲ್ಲಿಗೆ ತಾಗಿದೆ ಎಂದು ಅವನಿಗೆ ಆಗ ಖಾತ್ರಿಯಾಯಿತು.

ಕಾರಿನ ಸ್ಟೀರಿಯೋ ಅಂಗಡಿ ಇಟ್ಟಿದ್ದ ಗೆಳೆಯ ನಿಂಗರಾಜ್ ಡಿಕ್ಕಿಯೊಳಗೆ ತಲೆ ತೂರಿಸಿದ.

"ಒಂದು ಹಾಡು ಹಾಕಲೇ, ಗೊತ್ತಾಗತೈತೆ."

"ಹಾಕಂಗಿಲ್ಲ. ಹರಕೆ ಐತೆ."

"ಯಾರ್ದು, ನಿಂದಾ?"

"ಕಾರಿಂದು."

ನಿಂಗರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪುರಾಣದ ಮೇಲೆಯೇ ಪರೀಕ್ಷೆ ನಡೆಸಿದ. ಫ್ಯೂಸ್ ನೋಡಿದ, ಅರ್ಥಿಂಗ್ ವೈರ್ ಬದಲಿಸಿದ. ಆಂಪ್ಲಿಫೈಯರಿನಲ್ಲಿ ಸದ್ದಿನ ಬಲ ಹೆಚ್ಚಿಸುವ ಗೇನ್ ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ಕೊನೆಯವರೆಗೆ ತಿರುವಿದ. ಏನೂ ಬರಲಿಲ್ಲ. ಆಂಪ್ಲಿಫೈಯರನ್ನೇ ತೆಗೆದು ಅದಕ್ಕಿಂತ ದೊಡ್ಡದನ್ನು ಕೂರಿಸಿ, ಅದರ ತಿರುಪನ್ನೂ ಕೊನೆ ಮುಟ್ಟಿಸಿದ. ಪ್ರತಿ ಸಲವೂ ಮೊದಲ ಅಧ್ಯಾಯವೇ. ರಾಜ ಬೇಟೆಗೆ ಹೊರಡುವನು, ದಾರಿ ತಪ್ಪುವನು, ಕಾಡಿನ ನಡುವೆ ಮಾಳಿಂಗಪ್ಪನವರ ದನಿ ಇಳಿಯುವುದು:

ಇಳಿದು ನೃಪನಾ ಕುದುರೆಯಿಂದಲಿ
ಹಳೆಯ ಬಾವಿಯ ಬದಿಗೆ ಬಂದನು
ಒಳಗಿನಿಂದಲಿ ಕರೆದರಾರೋ…

ಅಷ್ಟರಲ್ಲಿ ಯಾರಾದರೊಬ್ಬರು "ಊಹುಂ, ಇಲ್ಲ" ಎಂದು ಆರಿಸುವರು. ಇಪ್ಪತ್ತು ದಿನದಲ್ಲಿ ರಾಜ ನಲವತ್ತು ಸಲ ಕುದುರೆಯಿಂದ ಇಳಿದ. ಒಂದು ಸಲವೂ ಬಾವಿಯೊಳಗೆ ಬಗ್ಗಿ ನೋಡಲಿಲ್ಲ.

"ನನ್ನ ಕೈಲಿ ಆಗಲ್ಲ. ಹರಿಹರದ ಅಶ್ಫಾಕ್ ಹತ್ರ ಹೋಗು" ಎಂದ ನಿಂಗರಾಜ್.

ಅಶ್ಫಾಕನ ಅಂಗಡಿ ಹರಿಹರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಒಂದು ಮೇಜು, ಒಂದು ಸ್ಟೂಲು, ಒಂದು ಗೋಡೆ ಗಡಿಯಾರ ಹಿಡಿಸುವಷ್ಟು. ಹರಕೆಯ ವಿಷಯ ಕೇಳಿ ಅವನು ನಗಲಿಲ್ಲ.

"ಹರಕೆ ಅಂದ್ರೆ ಹರಕೆ. ನಮ್ಮ ಅಮ್ಮೀನೂ ಹಿಂಗೇ. ಹಾಕ್ರಿ, ಅದನ್ನೇ ಕೇಳಾಣ."

ಅವನು ಕಣ್ಣು ಮುಚ್ಚಿ ಕೇಳಿದ. ರಾಜ ಇಳಿದ, ಬಾವಿಯಿಂದ ಯಾರೋ ಕರೆದರು, ಕಾಂತರಾಜ ರೂಢಿಯಂತೆ ಆರಿಸಿದ. ಅಶ್ಫಾಕ್ ಕಣ್ಣು ಬಿಟ್ಟ.

"ಯಾಕ ಆರಿಸಿದ್ರಿ? ಬಾವ್ಯಾಗೆ ಯಾರಿದ್ರು?"

"ಅದೆಲ್ಲ ಬ್ಯಾಡ ಭಾಯ್, ಊಫರ್ ನೋಡ್ರಿ."

"ಡಬ್ಬಿ ಹೊರಗೆ ತಗದು, ಈ ಮೇಜಿನ ಮ್ಯಾಲಿಟ್ಟು ಹಾಡು ಹಾಕಿದ್ರೆ ನಡೀತೈತಾ, ಅಮ್ಮಾರನ್ನ ಒಂದು ಮಾತು ಕೇಳ್ರಿ."

ಕಾಂತರಾಜ ತಾಯಿಗೆ ಫೋನ್ ಮಾಡಿ ಕೇಳಿದ. ಲಕ್ಷ್ಮೀದೇವಿ ಕ್ಷಣವೂ ಯೋಚಿಸಲಿಲ್ಲ. "ನಿನ್ನ ಕೈ ತಗದು ಮೇಜಿನ ಮ್ಯಾಲಿಟ್ರೆ ಅದು ನಿನ್ನ ಕೈಯಲ್ಲೇನು?"

"ಅಮ್ಮಾರ ಮುಂದೆ ವಕೀಲ್ರೂ ನಿಲ್ಲಂಗಿಲ್ಲ ಬಿಡ್ರಿ" ಎಂದ ಅಶ್ಫಾಕ್. ಮೀಟರ್ ಹಚ್ಚಿ ನೋಡಿದ. ಊಫರಿನ ಒಳಗಿನ ತಂತಿಸುರುಳಿ ಎಲ್ಲೂ ಕಡಿದಿರಲಿಲ್ಲ. ಸ್ಟೂಲು ಹತ್ತಿ ಗೋಡೆ ಗಡಿಯಾರದ ಸೆಲ್ ಬಿಚ್ಚಿಕೊಂಡ. ಗಡಿಯಾರ ಹನ್ನೊಂದೂ ಕಾಲಿಗೆ ನಿಂತಿತು. ಸೆಲ್ಲಿನ ಎರಡು ತುದಿಗೂ ಊಫರಿನ ವೈರುಗಳನ್ನು ತಾಗಿಸಿದಾಗ ಅದರ ಕಪ್ಪು ಎದೆ 'ತುಪ್' ಎಂದು ಮುಂದೆ ಜಿಗಿದು ಹಿಂದೆ ಸರಿಯಿತು.

"ಇದು ಹಾಡಲ್ಲ, ಹೆದರಬ್ಯಾಡ್ರಿ" ಎಂದ. ಎರಡು ಸಲ, ಮೂರು ಸಲ ತಾಗಿಸಿ ನೋಡಿದ. "ಇದಕ್ಕೇನೂ ಆಗಿಲ್ಲಣ್ಣ. ಆಂಪೂ ಸರಿ ಐತೆ. ಇದು ಬರೀ ದಪ್ಪ ಸದ್ದಿಗೆ ಇರೋದು. ಡೋಲು, ನಗಾರಿ ಇಂಥದ್ದಕ್ಕೆ. ನಿಮ್ಮ ಅಪ್ಪಾರ ದನ್ಯಾಗೆ ಅದಿಲ್ಲ. ಇಲ್ಲದ್ದನ್ನ ಇದು ಎಲ್ಲಿಂದ ತರ್ತೈತೆ?"

ಕಾಂತರಾಜನ ಮುಖ ಕೆಂಪಾಯಿತು. "ನಮ್ಮಪ್ಪನ ದನಿಗೆ ತೂಕ ಇಲ್ಲ ಅಂತೀರೇನು? ತುಂಬಿದ ಬಸ್ಸಿನಾಗೆ ಹಿಂದಿನ ಸೀಟಿನತನಕ ಕೇಳ್ತಿತ್ತು ಆ ದನಿ!"

"ತೂಕ ಇಲ್ಲ ಅನ್ನಲಿಲ್ಲಣ್ಣ. ಡೋಲು ಇಲ್ಲ ಅಂದೆ." ಅಶ್ಫಾಕ್ ಆಂಪ್ಲಿಫೈಯರಿನತ್ತ ಬಗ್ಗಿದ. "ಇದನ್ನ ಈ ಪರಿ ಕೊನೀತನಕ ತಿರುವಿದ ಪುಣ್ಯಾತ್ಮ ಯಾರು? ಹಾಡು ಬಿದ್ದ ದಿನ ಸುಟ್ಟುಹೋಗತೈತೆ. ಸ್ವಲ್ಪ ಇಳಿಸ್ತೀನಿ ತಡೀರಿ."

"ಮುಟ್ಟಬ್ಯಾಡ್ರಿ!" ಕಾಂತರಾಜ ಡಿಕ್ಕಿಯ ಬಾಗಿಲನ್ನು ಧಡಾರನೆ ಎಳೆದುಕೊಂಡ. "ಇಷ್ಟಿದ್ದೇ ಬರವಲ್ದು, ಇಳಿಸಿದ್ರೆ ಏನು ಬರ್ತೈತೆ?"

ಹರಿಹರದಿಂದ ದಾವಣಗೆರೆಯವರೆಗೆ ಅವನು ತಂದೆಯ ದನಿಯ ಪರವಾಗಿ ಅಶ್ಫಾಕನ ಜೊತೆ ಮನಸ್ಸಿನಲ್ಲೇ ಜಗಳವಾಡಿದ. ಜಗಳಕ್ಕೆ ಅಡ್ಡಿಯಾಗಬಾರದೆಂದು ಸ್ಟೀರಿಯೋ ಬಂದ್ ಮಾಡಿದ್ದ.

ಅಮಾವಾಸ್ಯೆಯ ದಿನ ಲಕ್ಷ್ಮೀದೇವಿ ಪೆನ್‌ಡ್ರೈವಿಗೆ ಕುಂಕುಮ ಹಚ್ಚಿ, ದೇವರ ಜಗುಲಿಯ ಮೇಲಿಟ್ಟು, ಹರಕೆ ಮುಟ್ಟಿತೆಂದು ಕೈಮುಗಿದರು. ಮರುದಿನ ಮಧ್ಯಾಹ್ನ ಕಮಿಟಿಯವರು ಓಣಿಯಲ್ಲಿ ಸುತ್ತಲೂ ನಿಂತರು. ಕಾಂತರಾಜ ಡಿಕ್ಕಿ ತೆರೆದು, ದೇವರನ್ನು ನೆನೆದು, ಮೊಬೈಲಿನಿಂದ ಡೋಲಿನ ಹಾಡೊಂದನ್ನು ಹಾಕಿದ.

ಮೊದಲ ಏಟಿಗೆ ಕಿಟಕಿಯ ಗಾಜುಗಳು ನಡುಗಿದವು. ಕಾಂತರಾಜನ ಕಣ್ಣಲ್ಲಿ ನೀರು ಬಂತು. ಎರಡನೆಯ ಏಟಿಗೆ ಹುಡುಗರು ಶಿಳ್ಳೆ ಹೊಡೆದರು. ಮೂರನೆಯ ಏಟು ಗೋಣಿಚೀಲ ಹರಿದಂತೆ ಕೇಳಿತು. ಆಮೇಲೆ ಡಿಕ್ಕಿಯಿಂದ ತೆಳ್ಳಗೆ ಹೊಗೆ ಬಂತು.

ಅಂಜಿನಪ್ಪ ಮೂಗು ಮುಚ್ಚಿಕೊಂಡ. "ಮೂರು ಏಟಿಗೆ ಗಣಪ್ಪ ಓಣಿ ದಾಟಂಗಿಲ್ಲ ತಮ್ಮಾ. ಸಂಜೆ ಆರರತನಕ ಟೈಮ್ ಕೊಟ್ಟೀನಿ. ಆಮೇಲೆ ಟ್ರ್ಯಾಕ್ಟರ್ ತೊಳಸ್ತೀನಿ."

ಕಾಂತರಾಜ ಹರಿಹರ ಮುಟ್ಟಿದಾಗ ಮೂರೂವರೆ. ಅಶ್ಫಾಕ್ ಈ ಸಲ ಮೀಟರ್ ತೆಗೆಯಲಿಲ್ಲ; ಡಿಕ್ಕಿಯ ಹತ್ತಿರ ಬಂದು ಮೂಸಿ ನೋಡಿದ.

"ಈಗ ಕೆಟ್ಟೈತೆ. ಅವತ್ತು ನೀವು ಹೇಳಿದ್ದು ಈಗ ಖರೇ ಆತು."

"ಆರರೊಳಗೆ ಆಗಬೇಕು ಭಾಯ್. ನಿಮ್ಮ ಕಾಲು ಹಿಡೀತೀನಿ."

"ಕಾಲು ಬ್ಯಾಡ. ಸುರುಳಿ ಬದಲಿಸಿ ಕೊಡ್ತೀನಿ, ಈಗ ಕುಂತ್ರೆ ಆಗತೈತೆ." ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ಕಾಯಲು ಹಚ್ಚಿ, ಅವನು ಕಾಂತರಾಜನನ್ನೇ ನೋಡಿದ. "ಮೊದಲು ಹೇಳ್ರಿ. ಒಳಗಿನಿಂದಲಿ ಕರೆದರಾರೋ. ಯಾರದು?" ಪದ್ಯದ ಸಾಲನ್ನು ಮಾಳಿಂಗಪ್ಪನವರು ಎಳೆಯುವಲ್ಲೇ ಎಳೆದಿದ್ದ. "ಹತ್ತು ದಿನದಿಂದ ತಲ್ಯಾಗೆ ಕೊರೀತೈತೆ. ಮನ್ಯಾಗೆ ಹೆಂಡ್ತಿ ನಿಖತ್‌ಗೂ ಹೇಳಿಬಿಟ್ಟೀನಿ. ದಿನಾ ರಾತ್ರಿ ಊಟಕ್ಕೆ ಕುಂತಾಗ ಕೇಳ್ತಾಳೆ, ಬಾವ್ಯಾಗೆ ಯಾರಿದ್ರು ಅಂತ."

ಕಾಂತರಾಜ ಬಾಯಿ ತೆರೆದ. ಒಂದು ತಿಂಗಳು ಆ ಕಾರಿನಲ್ಲಿ ಬೇರೆ ಸದ್ದೇ ಎದ್ದಿರಲಿಲ್ಲ. ಅವನಿಗೆ ಗೊತ್ತಿರಲಿಲ್ಲ. ಪೆನ್‌ಡ್ರೈವ್ ದೇವರ ಜಗುಲಿಯ ಮೇಲಿತ್ತು.

ತಂದೆಗೆ ಫೋನ್ ಮಾಡಿದ. "ಅಪ್ಪಾ, ಆ ಬಾವ್ಯಾಗೆ ಯಾರಿದ್ರು?"

"ಯಾವ ಬಾವಿ?"

"ನಿನ್ನ ಪುರಾಣದ್ದು. ಮೊದಲನೇ ಅಧ್ಯಾಯ."

"ಯಾಕ ಮಗನೇ, ಮತ್ತೆ ಲಾರಿ ಗುದ್ದಿತೇನು?"

"ಇಲ್ಲಪ್ಪ. ಇಲ್ಲೊಬ್ರು ಕೇಳಾಕ ಹತ್ಯಾರೆ."

ಮಾಳಿಂಗಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಎಷ್ಟು ಜನ ಅದೀರಿ?"

"ಇಬ್ರು."

"ಸಾಕು. ಸ್ಪೀಕರ್ ಹಾಕು."

ನಡುವಿನಿಂದ ಹೇಳುವ ಪದ್ಧತಿ ಅವರಲ್ಲಿರಲಿಲ್ಲ. ಗಣಪತಿಯ ಸ್ತುತಿಯಿಂದ ಶುರುಮಾಡಿದರು, ಗುರುವಿಗೆ ಬಂದರು. "ಅಪ್ಪಾ, ಬಾವಿ ಅಷ್ಟೇ ಹೇಳಿದ್ರೆ ಸಾಕು" ಎಂದ ಕಾಂತರಾಜನ ಮಾತು, ತುಂಬಿದ ಬಸ್ಸಿನಲ್ಲಿ ಚಿಲ್ಲರೆ ಕೇಳಿದವನ ಮಾತಿನಂತೆ, ಅವರ ಕಿವಿಗೆ ಬೀಳಲೇ ಇಲ್ಲ. ಅಶ್ಫಾಕ್ ಬೆಸುಗೆಯ ಕಡ್ಡಿಯ ಸ್ವಿಚ್ ಆರಿಸಿದ. ಕೈ ಒರೆಸಿಕೊಂಡು, ಸ್ಟೂಲು ಎಳೆದುಕೊಂಡು ಕೂತ. ಗೋಡೆಯ ಗಡಿಯಾರಕ್ಕೆ ಅವನು ಸೆಲ್ ತಿರುಗಿ ಹಾಕಿರಲಿಲ್ಲ. ಅದರಲ್ಲಿ ಇನ್ನೂ ಹನ್ನೊಂದೂ ಕಾಲು. ಕಾಂತರಾಜನ ಮೊಬೈಲಿನಲ್ಲಿ ನಾಲ್ಕಾಗಿತ್ತು.

ರಾಜ ಇನ್ನೂ ಅರಮನೆಯಿಂದ ಹೊರಟಿರಲಿಲ್ಲ.