ಛತ್ರಿಗೆ ಬೆದರದ ಎತ್ತು

ದಾವಣಗೆರೆಯ ದನದ ಸಂತೆಯಲ್ಲಿ ದಲ್ಲಾಳಿ ಅಜ್ಜಪ್ಪನ ಕಣ್ಣಿಗೆ ಮಣ್ಣೆರಚುವ ಎತ್ತು ಇನ್ನೂ ಹುಟ್ಟಿರಲಿಲ್ಲ. ಹಲ್ಲು ನೋಡಿ, ಸುಳಿ ಸವರಿ, ಈ ಎತ್ತು ಯಾರ ಹೊಲದಲ್ಲಿ ಎಷ್ಟು ಸಲ ಮಲಗಿಬಿಟ್ಟಿದೆ ಎನ್ನುವುದನ್ನೂ ಹೇಳಬಲ್ಲ ಮನುಷ್ಯ. ಆದರೆ ತನ್ನ ಎಡಗಿವಿಯ ಮೇಲೆ ಎರಡು ವರ್ಷದಿಂದ ಒಣಗದೆ ಕೂತಿದ್ದ ಹುಣ್ಣನ್ನು ಮಾತ್ರ ‘ಉಷ್ಣದ್ದು, ಹೋಗ್ತೈತೆ’ ಎಂದು ಬಿಟ್ಟುಬಿಟ್ಟಿದ್ದ. ದನದ ಕಿವಿಗಾಗಿದ್ದರೆ ಎರಡೇ ದಿನಕ್ಕೆ ಮದ್ದು ಹುಡುಕುತ್ತಿದ್ದ! ರಾಜ್ಯ ಒಂದಾದ ಮರುವರ್ಷ, ಹೆಂಡತಿ ಕಸ್ತೂರಮ್ಮ ಊಟ ಬಿಟ್ಟು ಕೂತ ಮೇಲೆಯೇ ಅವನು ಅವಳ ಜೊತೆ ಮೀರಜಿನ ಆಸ್ಪತ್ರೆಗೆಂದು ಪೂನಾ ರೈಲು ಹತ್ತಿದ್ದು.

ಅಲ್ಲಿಯ ಡಾಕ್ಟರು ಅದನ್ನು ಚರ್ಮದ ಕ್ಯಾನ್ಸರ್ ಎಂದರು. ಕಿವಿಯ ಮೇಲ್ತುದಿಯನ್ನೇ ಕತ್ತರಿಸಿ ತೆಗೆದರು.

“ಬೇರೆಲ್ಲೂ ಹರಡಿಲ್ಲ, ನಿಮ್ಮ ಪುಣ್ಯ. ನಿಮ್ಮದು ಬಿಳಿ ಮೈ, ಮೂವತ್ತು ವರ್ಷ ಬಿಸಿಲಿಗೆ ಒಡ್ಡಿದ್ದೀರಿ. ಇನ್ನು ಮೇಲೆ ತುಂಬುತೋಳಿನ ಅಂಗಿ, ಕಿವಿ ಮುಚ್ಚುವ ರುಮಾಲು, ತಲೆಯ ಮೇಲೆ ಛತ್ರಿ. ಒಂದು ದಿನವೂ ತಪ್ಪಬಾರದು. ತಪ್ಪಿದರೆ ಅದು ಮತ್ತೆ ಬಂದೀತು” ಎಂದು ಬೆರಳನ್ನೇ ಕತ್ತರಿಯಂತೆ ಆಡಿಸಿ ತೋರಿಸಿದರು.

ಅಂಗಿ, ರುಮಾಲಿಗೆ ತಕರಾರಿರಲಿಲ್ಲ. ಛತ್ರಿಯದೇ ಫಜೀತಿ. ಬಟಾಬಯಲಿನ ಸಂತೆಯಲ್ಲಿ ಅಜ್ಜಪ್ಪ ಮೊದಲ ದಿನ ಟಪ್ಪೆಂದು ಛತ್ರಿ ಬಿಚ್ಚಿದ್ದೇ ತಡ, ಸಾರಥಿ ಊರಿನ ಮಾರಪ್ಪನ ಬಿಳಿ ಎತ್ತಿನ ಜೋಡಿ ಹಗ್ಗ ಹರಿದುಕೊಂಡು, ಹಜೀರಾಬೀಯ ಮಂಡಕ್ಕಿ ಗುಡ್ಡೆಯ ಮೇಲೆ ಹಾದು ಹೋಯಿತು.

“ಅಜ್ಜಪ್ಪಣ್ಣಾ, ನಿಮ್ ಕಿವಿ ಹೋದ್ರೆ ನನ್ ಮಂಡಕ್ಕಿ ಯಾಕ್ರಿ ಹೋಗ್ಬೇಕು?” ಎಂದು ಹಜೀರಾಬೀ ಬಾಯಿ ಬಡಿದುಕೊಂಡಳು.

ಅಂದಿನಿಂದ ಅಜ್ಜಪ್ಪ ಬಂದನೆಂದರೆ “ಛತ್ರಿ ಬಂತು, ಹಗ್ಗ ಬಿಗಿ ಹಿಡೀರ್ಲೇ!” ಎಂಬ ಕೂಗು. ರೈತರು ಎತ್ತು ತಿರುಗಿಸಿಕೊಂಡು ಬೇರೆ ದಲ್ಲಾಳಿಗಳ ಕಡೆ ಹೋದರು. ಸಂತೆ ಕೈಬಿಟ್ಟರೆ ಅಜ್ಜಪ್ಪನಿಗೆ ಇನ್ನೇನಿದೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಹೊಟ್ಟೆಪಾಡು ಒಂದು ಕಡೆ, ಡಾಕ್ಟರ ಮಾತು ಇನ್ನೊಂದು ಕಡೆ. ಕೊನೆಗೆ ಬುದ್ಧಿವಂತ ಒಂದು ಉಪಾಯ ಮಾಡಿದ. ಮನೆಯಿಂದ ಛತ್ರಿ ಒಯ್ಯುವುದು, ಸಂತೆಯಲ್ಲಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ದಿನವಿಡೀ ಬಿಸಿಲಲ್ಲಿ ಬೇಯುವುದು.

ಆದರೆ ಕಸ್ತೂರಮ್ಮ ಅವನಿಗಿಂತ ಬುದ್ಧಿವಂತೆ. ಒಂದು ಬೆಳಿಗ್ಗೆ ಛತ್ರಿಯ ಮಡಿಕೆಯೊಳಗೆ, ಕಣ್ಣಿಗೆ ಬೀಳದಂತೆ, ಒಂದೆಳೆ ಬಿಳಿ ದಾರ ಕಟ್ಟಿದಳು.

ಸಂಜೆ ಕೇಳಿದಳು: “ಏನ್ರಿ, ಛತ್ರಿ ಬಿಚ್ಚಿದ್ರಾ?”

“ಬಿಚ್ಚಿದ್ನಲ್ಲ. ದಿನಾಪೂರ್ತಿ ಬಿಚ್ಚೇ ಇತ್ತು.”

ಕಸ್ತೂರಮ್ಮ ಹರಿಯದ ದಾರವನ್ನು ತೋರಿಸಿದಳು. ಅಜ್ಜಪ್ಪ ಜಂತೆ ಎಣಿಸತೊಡಗಿದ. ಅವಳು ಬೈಯಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

“ಮೀರಜಿನಾಗೆ ಆಸ್ಪತ್ರೆ ಬಾಗ್ಲು ಮುಂದೆ ಹನ್ನೊಂದು ದಿನ ಕೂತಿದ್ದೆ. ಇನ್ನೊಂದ್ಸಲ ಕೂಡಾಕೆ ನನ್ ಕೈಲಿ ಆಗಲ್ರಿ” ಎಂದಳು. ಕಣ್ಣೊರೆಸಿಕೊಂಡು, “ನಿಮಗೆ ಛತ್ರಿ ಬಿಚ್ಚಾಕೆ ಆಗದಿದ್ರೆ ನಾನೇ ಬಂದು ಹಿಡಿತೀನಿ” ಎಂದು ಸೇರಿಸಿದಳು.

ಬರೀ ಬೆದರಿಕೆ ಎಂದುಕೊಂಡ ಅಜ್ಜಪ್ಪ. ಮುಂದಿನ ಸಂತೆಯ ದಿನ ಹೊರಟರೆ ಹಿಂದೆಯೇ ಹೆಂಡತಿ! ಆ ಮನೆತನದ ಹೆಂಗಸರು ದನದ ಸಂತೆಗೆ ಕಾಲಿಟ್ಟದ್ದೇ ಇಲ್ಲ. ಅವನು ಎತ್ತರ, ಅವಳು ಕುಳ್ಳಿ. ಅವಳು ಹಿಡಿದ ಛತ್ರಿಯ ಕಡ್ಡಿ ಹೆಜ್ಜೆಗೊಮ್ಮೆ ಅವನ ರುಮಾಲನ್ನು ಎಳೆಯುತ್ತಿತ್ತು. ಸಂತೆಗೆ ಸಂತೆಯೇ ಬಿದ್ದು ಬಿದ್ದು ನಕ್ಕಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿ ಅಜ್ಜಪ್ಪ ಸಂತೆಯ ಅಂಚಿನಲ್ಲಿದ್ದ ಒಂದೇ ಒಂದು ಬೇವಿನ ಮರದ ನೆರಳು ಸೇರಿದ. ಅಲ್ಲಿ ಅವಳು ಛತ್ರಿ ಮಡಿಚಿದಳು.

ಅಷ್ಟರಲ್ಲಿ ಹರಿಹರದ ಶಿವಮೂರ್ತಪ್ಪನವರು ಬಂದರು. ಅವರ ಹಳೆಯ ಎತ್ತುಗಳು ಲಾರಿಯ ಹಾರನ್ನಿಗೆ ಬೆದರಿ, ಸೊಸೆ ಕೂತಿದ್ದ ಗಾಡಿಯನ್ನು ಹೊಳೆ ಸೇತುವೆಯ ಕಟ್ಟೆಯವರೆಗೂ ಎಳೆದೊಯ್ದಿದ್ದವಂತೆ.

“ನನಗೆ ಚೆಂದ ಬ್ಯಾಡ ಅಜ್ಜಪ್ಪ. ಬೆದರದ ಜೋಡಿ ತೋರ್ಸು” ಎಂದರು.

ಮಾರಪ್ಪ ಅದೇ ಬಿಳಿ ಜೋಡಿಗೆ ಗೆಜ್ಜೆ ಕಟ್ಟಿಕೊಂಡು ಮುಂದೆ ಬಂದ. “ಹಸುಗೂಸು ಇದ್ದಂಗೆ ಅದಾವೆ ಸಾವ್ಕಾರ್ರೆ. ಪಕ್ಕದಾಗೆ ಸಿಡ್ಲು ಹೊಡೆದ್ರೂ ಬಾಲ ಅಲ್ಲಾಡ್ಸಲ್ಲ!”

ಹಲ್ಲು ನೋಡಲೆಂದು ಅಜ್ಜಪ್ಪ ನೆರಳಿನಿಂದ ಒಂದು ಹೆಜ್ಜೆ ಆಚೆ ಇಟ್ಟ. ಕಸ್ತೂರಮ್ಮನಿಗೆ ಎತ್ತು ಕಾಣಲಿಲ್ಲ, ಬಿಸಿಲು ಕಂಡಿತು. ಟಪ್! ಹಸುಗೂಸುಗಳು ಬಾತಿ ಊರಿನ ಕಡೆ ಓಟ ಕಿತ್ತವು. ಹಗ್ಗದ ತುದಿಯಲ್ಲಿ ಮಾರಪ್ಪನೂ ಹೋದ.

ಪಕ್ಕದಲ್ಲೇ ಬಾತಿಯ ದುರುಗಣ್ಣನ ಕಂದು ಜೋಡಿ ಕಟ್ಟಿತ್ತು. ಒಂದಕ್ಕೆ ಸೊಟ್ಟ ಕೊಂಬು, ಇನ್ನೊಂದು ಬಡಕಲು, ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಸೊಟ್ಟಕೊಂಬಿನದು ಮೆಲುಕು ಹಾಕುತ್ತಲೇ ಕತ್ತು ಚಾಚಿ ಛತ್ರಿಯ ಅಂಚನ್ನು ನೆಕ್ಕಿತು.

“ಹೋಗ್ ಅತ್ಲಾಗೆ!” ಎಂದು ಕಸ್ತೂರಮ್ಮ ಅದರ ಮೂತಿ ತಳ್ಳಿದರೆ ಅವಳ ಕೈಯನ್ನೂ ನೆಕ್ಕಿತು.

“ಇವೇ ನೋಡು ನನ್ ಎತ್ತು” ಎಂದರು ಶಿವಮೂರ್ತಪ್ಪ.

ಸುದ್ದಿ ಹರಡಲು ಇನ್ನೇನು ಬೇಕು? ಮರುವಾರದಿಂದ ಕೊಳ್ಳುವವರದೆಲ್ಲ ಒಂದೇ ಪ್ರಶ್ನೆ, “ಅಜ್ಜಪ್ಪನ ಛತ್ರಿ ಆತಾ?” ಅಜ್ಜಪ್ಪ ಬಂದು ಛತ್ರಿ ಬಿಚ್ಚದೆ ವ್ಯಾಪಾರವೇ ಕುದುರದು. ವರ್ಷದೊಳಗೆ ಬಾತಿಯಿಂದ ಸಾರಥಿಯವರೆಗೆ ರೈತರು ಬೆಳಿಗ್ಗೆದ್ದು ಕೊಟ್ಟಿಗೆಯಲ್ಲಿ ಛತ್ರಿ ಬಿಚ್ಚಿ ಎತ್ತುಗಳಿಗೆ ರೂಢಿ ಮಾಡಿಸತೊಡಗಿದರು. ಬೇರೆ ದಲ್ಲಾಳಿಗಳೂ ಛತ್ರಿ ಹಿಡಿದರು. ಹಜೀರಾಬೀ ಮಂಡಕ್ಕಿಗೊಂದು ನೆಟ್ಟಳು. ಕಸ್ತೂರಮ್ಮ ಸಮಾಧಾನವಾಗಿ ಮನೆ ಸೇರಿದಳು.

ಎರಡು ವರ್ಷದ ಮೇಲೆ ಮೀರಜಿನ ಡಾಕ್ಟರು ಮತ್ತೆ ನೋಡಿ, ಕಿವಿ ಸ್ವಚ್ಛವಾಗಿದೆ, ಛತ್ರಿ ಮಾತ್ರ ಬಿಡಬೇಡಿ ಎಂದರು. ಅಜ್ಜಪ್ಪನ ತಲೆಯಲ್ಲಿ ಉಳಿದದ್ದು ಮೊದಲರ್ಧ ಮಾತ್ರ. ಮುಂದಿನ ಸಂತೆಯ ದಿನ ಮೋಡವಿತ್ತು. ಒಂದು ದಿನಕ್ಕೆ ಏನಾದೀತು ಎಂದು ಛತ್ರಿಯನ್ನು ಗೂಟದಲ್ಲೇ ಬಿಟ್ಟು, ರುಮಾಲನ್ನೂ ಹೆಗಲಿಗೆ ಹಾಕಿಕೊಂಡು, ಬರಿತಲೆಯಲ್ಲಿ ಹೊರಟ.

ದುರುಗಣ್ಣ ಎಳೆಯ ಹೋರಿಗಳನ್ನು ತಂದಿದ್ದ. ಕರುವಾಗಿದ್ದಾಗಿನಿಂದ ಛತ್ರಿಯ ಕೆಳಗೇ ಬೆಳೆದವು. ಅಜ್ಜಪ್ಪ ಹಲ್ಲು ನೋಡಲು ಕೈ ಚಾಚಿದ. ಹೋರಿಗಳು ಅವನನ್ನು ಮೇಲಿಂದ ಕೆಳಗೆ ನೋಡಿದವು. ಬುಸ್ಸೆಂದವು. ಹಗ್ಗ ಹರಿಯಿತು. ಹಜೀರಾಬೀಯ ಮಂಡಕ್ಕಿ ಎರಡನೆಯ ಸಲ ಮಣ್ಣುಪಾಲಾಯಿತು.

“ಅಜ್ಜಪ್ಪಾರೆ, ಛತ್ರಿ ಎಲ್ಲೈತ್ರಿ?” ದುರುಗಣ್ಣ ಓಡುತ್ತಲೇ ಕೂಗಿದ. “ಹಿಂಗೆ ಬರಿತಲೇಲಿ ಬಂದ್ರೆ ದನ ಬೆದರಲ್ವೇನ್ರಿ?”

ಮೋಡ ಸರಿದು ಬಿಸಿಲು ಬಿದ್ದಿತ್ತು. ಅಜ್ಜಪ್ಪ ಮೊಂಡುಗಿವಿಗೆ ಅಂಗೈ ಮುಚ್ಚಿಕೊಂಡು ಮನೆಗೆ ಬಂದ. ಕಸ್ತೂರಮ್ಮ ಛತ್ರಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ನಗಬೇಕೆಂದಿದ್ದಳು, ಕಣ್ಣಲ್ಲಿ ನೀರು ಬಂತು.

“ನಾ ಹೇಳಿದ್ರೆ ಕೇಳಲ್ಲ. ನಿಮಗೆ ಎತ್ತೇ ಹೇಳ್ಬೇಕಾತೇನ್ರಿ?”

ಅಜ್ಜಪ್ಪನಿಗೆ ನಾಚಿಕೆಯಾಯಿತು, ಅವಳ ಮೇಲೆ ಎಲ್ಲಿಲ್ಲದ ಪ್ರೀತಿಯೂ ಉಕ್ಕಿತು. ರುಮಾಲು ಕಟ್ಟಿದ, ಅವಳ ಕೈಯಿಂದ ಛತ್ರಿ ತೆಗೆದುಕೊಂಡು ನಡುಮನೆಯಲ್ಲೇ ಬಿಚ್ಚಿ, ಮತ್ತೆ ಸಂತೆಗೆಂದು ಹೊಸಿಲಿಗೆ ನಡೆದ. ಛತ್ರಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮಡಿಚಲು ಹೋದರೆ ಕಸ್ತೂರಮ್ಮ ಬಿಡಲಿಲ್ಲ. ಹಿಂದಿನಿಂದ ಎರಡೂ ಕೈಯಲ್ಲಿ ತಳ್ಳಿ, ಛತ್ರಿಯ ಸಮೇತ ಗಂಡನನ್ನು ಬೀದಿಗೆ ದಾಟಿಸಿದಳು.